ಅಟ್ಟದ ಕೊಬ್ಬರಿ, ಗೋಡೆಯ ತೇವ: ಅರಳಗುಪ್ಪೆ ಸೀಮೆಯ ಮನೆಗಳಲ್ಲಿ ನೀರು–ಬೂಷ್ಟಿನ ನಷ್ಟ ಮತ್ತು ಅದರ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಮನೆಯೆಂಬುದು ಕೇವಲ ವಾಸದ ಸ್ಥಳವಲ್ಲ. ಅದು ಉಗ್ರಾಣವೂ ಹೌದು. ಕೆಳಗೆ ಸಂಸಾರ, ಮೇಲಿನ ಅಟ್ಟದಲ್ಲಿ ಸಿಪ್ಪೆಕಾಯಿಯ ರಾಶಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಎಂಟರಿಂದ ಹನ್ನೆರಡು ತಿಂಗಳ ಕಾಲ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶಗಳ ವರ್ತಕರು ತಿಪಟೂರು ಮಾರುಕಟ್ಟೆಯತ್ತ ನೋಡುವುದು ಈ ಕೊಬ್ಬರಿಗಾಗಿಯೇ. ಹೀಗಾಗಿ ಅರಳಗುಪ್ಪೆಯಂತಹ ಊರಿನಲ್ಲಿ ಸೂರಿನ ಒಂದು ಹೆಂಚು ಸರಿದರೆ ನೆನೆಯುವುದು ಗೋಡೆಯೊಂದೇ ಅಲ್ಲ, ಒಂದು ವರ್ಷದ ವಹಿವಾಟೂ ನೆನೆಯುತ್ತದೆ. ಆದರೂ ಅಂಗಡಿಯ ದಾಸ್ತಾನಿಗೆ ಪುಸ್ತಕ ಇಡುವ ವರ್ತಕರು ಆ ದಾಸ್ತಾನನ್ನು ಹೊತ್ತಿರುವ ಗೋಡೆ, ತೊಲೆ, ಸೂರುಗಳ ಬಗ್ಗೆ ಯೋಚಿಸುವುದು ಮಳೆ ಒಳಗೆ ಬಂದ ಮೇಲೆಯೇ.

ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಮಲೆನಾಡಿನ ಲೆಕ್ಕದಲ್ಲಿ ಇದು ಅಲ್ಪ. ಬಯಲುಸೀಮೆಯ ಮನೆಗೆ ತೇವದ ಭಯವೇನು ಎಂಬ ಉದಾಸೀನಕ್ಕೂ ಇದೇ ಕಾರಣ. ಆದರೆ ಮಳೆಯ ಬಹುಪಾಲು ಸುರಿಯುವುದು ಉತ್ತರೆ, ಹಸ್ತ, ಚಿತ್ತೆಯ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ. ಅದರ ಬೆನ್ನಿಗೇ ಇಬ್ಬನಿಯ ಚಳಿಗಾಲ ಬರುವುದರಿಂದ ನೆನೆದ ಗೋಡೆ ಒಣಗಲು ಬೇಕಾದ ಬಿಸಿಲು ದೊರೆಯುವುದಿಲ್ಲ. 2021ರ ನವೆಂಬರ್‌ನಲ್ಲಿ ದಕ್ಷಿಣ ಒಳನಾಡಿನಲ್ಲಿ ವಾಡಿಕೆಯ ಹಲವು ಪಟ್ಟು ಮಳೆಯಾಯಿತು. 2022ರಲ್ಲೂ ತುಮಕೂರು ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ಅಂತಹ ವರ್ಷಗಳಲ್ಲಿ ಹಳೆಯ ಮಣ್ಣಿನ ಗೋಡೆಗಳಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ನೀರಿನ ಪ್ರಮಾಣವನ್ನು ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ, ಅಂದರೆ ಸುಮಾರು 93 ಚದರ ಮೀಟರಿನ ಸೂರಿನ ಮೇಲೆ ಒಂದು ರಾತ್ರಿಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ 4,650 ಲೀಟರ್ ನೀರು ಇಳಿಯುತ್ತದೆ. ಈ ನೀರೆಲ್ಲ ಸೂರಿನ ಅಂಚಿನಿಂದ ಗೋಡೆಯ ಬುಡಕ್ಕೇ ಬೀಳುವ ಮನೆಗಳು ಇಂದಿಗೂ ಹೆಚ್ಚು. ವರ್ಷದ ಲೆಕ್ಕ ತೆಗೆದರೆ ಅದು 55,000 ಲೀಟರ್ ಮೀರುತ್ತದೆ. ಇಷ್ಟು ನೀರನ್ನು ತಳಪಾಯಕ್ಕೆ ಕುಡಿಸಿ, ಅನಂತರ ಒಳಗೋಡೆಗೆ ದುಬಾರಿ ಬಣ್ಣ ಬಳಿಯುವುದು ತೂತುಬಿದ್ದ ಚೀಲಕ್ಕೆ ಮೇಲಿನಿಂದ ಕೊಬ್ಬರಿ ತುಂಬಿದಂತೆ.

ನೀರು ಬರುವ ದಾರಿಗಳು

ಮನೆಯೊಳಗೆ ತೇವ ಕಂಡಾಗ ಮೊದಲು ನಿರ್ಧರಿಸಬೇಕಾದದ್ದು ಅದು ಎಲ್ಲಿಂದ ಬಂದಿತು ಎಂಬುದನ್ನು. ಮೇಲಿನಿಂದ ಸೋರಿದ ನೀರಿಗೆ ಮಾಡುವ ಉಪಾಯ ಕೆಳಗಿನಿಂದ ಏರಿದ ನೀರಿಗೆ ನಡೆಯದು. ಹಣ ವ್ಯರ್ಥವಾಗುವುದು ಬಹುತೇಕ ಈ ನಿರ್ಣಯ ತಪ್ಪಿದಾಗಲೇ.

ಮಂಗಳೂರು ಹೆಂಚಿನ ಮನೆಗಳಲ್ಲಿ ದೋಷ ಸಾಮಾನ್ಯವಾಗಿ ಎರಡು ಸೂರುಗಳು ಕೂಡುವ ದೋಣಿಯಲ್ಲಿರುತ್ತದೆ. ತೆಂಗಿನ ಮರ ಮನೆಗೆ ಆತುಕೊಂಡಿರುವ ಕಡೆ ಗರಿ, ಹೊಂಬಾಳೆಯ ಚೂರು, ಕಸ ದೋಣಿಯಲ್ಲಿ ತುಂಬಿ ನೀರು ಹಿಂದಕ್ಕೆ ಒತ್ತಿ ಅಟ್ಟಕ್ಕಿಳಿಯುತ್ತದೆ. ಬಿದ್ದ ಮಟ್ಟೆ ಒಂದೆರಡು ಹೆಂಚು ಒಡೆದರೆ ಕೋತಿಗಳು ನಾಲ್ಕಾರು ಹೆಂಚು ಸರಿಸುತ್ತವೆ. ಹಿಂದೆ ಯುಗಾದಿಯ ಆಸುಪಾಸಿನಲ್ಲಿ ಹೆಂಚು ಕೈಯಾಡಿಸುವ ಪರಿಪಾಠವಿತ್ತು. ಆ ಕೆಲಸ ಬಲ್ಲವರು ವಿರಳವಾದಂತೆ ಪರಿಪಾಠವೂ ತಪ್ಪಿದೆ. ಹೆಂಚು ಕೈಯಾಡಿಸುವಾಗ ರೀಪುಗಳನ್ನೂ, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳನ್ನೂ ನೋಡತಕ್ಕದ್ದು. ಮರದ ತೇವಾಂಶ ಶೇಕಡಾ 20ನ್ನು ಮೀರಿ ನಿಂತರೆ ಕೊಳೆಯುವಿಕೆ ಆರಂಭವಾಗುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಸಿಪ್ಪೆಕಾಯಿ ಒಂದಕ್ಕೆ ಒಂದು ಕಿಲೋಗೂ ಮೇಲ್ಪಟ್ಟ ತೂಕವಿರುವುದರಿಂದ ಹೊಸದಾಗಿ ಏರಿಸಿದ 5,000 ಕಾಯಿಯ ಅಟ್ಟ ಐದು ಟನ್ನಿಗೂ ಹೆಚ್ಚು ಭಾರ ಹೊರುತ್ತದೆ. ಆ ಭಾರ ನಿಂತಿರುವುದು ಗೋಡೆಯೊಳಗಿನ ಕೆಲವು ಅಂಗುಲದ ತೊಲೆತುದಿಗಳ ಮೇಲೆ, ಅಟ್ಟದ ಕೆಳಗೆ ಮಲಗುವವರು ಮನೆಯ ಜನ. ತೊಲೆಯ ತುದಿಗೆ ಮೊಳೆಯನ್ನು ಕೈಯಿಂದ ಒತ್ತಿದಾಗ ಅದು ಒಳಗಿಳಿದರೆ, ಕಾಯಿ ಏರಿಸುವುದನ್ನು ನಿಲ್ಲಿಸಿ ಬಡಗಿಯನ್ನು ಕರೆಸುವುದೇ ಸರಿ.

ಆರ್‌ಸಿಸಿ ತಾರಸಿಯ ಕಥೆ ಬೇರೆ. ಅಲ್ಲಿ ನೀರು ನಿಲ್ಲುವ ತಗ್ಗು, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ನೀರು ಹೊರಹೋಗುವ ಪೈಪಿನ ಬಾಯಿ, ಇವೇ ಸೋರುವ ಜಾಗಗಳು. ಇಳಿಜಾರನ್ನು ಸರಿಪಡಿಸದೆ ಮೇಲೆ ಬಳಿಯುವ ಜಲನಿರೋಧಕ ಲೇಪನ ಕೆಲವೇ ವರ್ಷ ಬಾಳುತ್ತದೆ. ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸಿ, ಆ ನೆರಳಲ್ಲಿ ಕಾಯಿ ಒಣಗಿಸುವ ಕ್ರಮ ಈಚೆಗೆ ಹೆಚ್ಚಾಗಿದೆ. ಕಂಬದ ಬುಡದ ಬೋಲ್ಟು ತಾರಸಿಯನ್ನು ಕೊರೆದಿರುವ ಜಾಗವೇ ಮುಂದೆ ಒಸರುವ ಜಾಗವಾಗುತ್ತದೆ ಎಂಬುದನ್ನು ಫ್ಯಾಬ್ರಿಕೇಷನ್ ಕೆಲಸದವರು ಹೇಳುವುದಿಲ್ಲ.

ನೆಲದಿಂದ ಏರುವ ತೇವವೇ ಎಲ್ಲಕ್ಕಿಂತ ಹೆಚ್ಚು ತಪ್ಪು ಚಿಕಿತ್ಸೆಗೆ ಒಳಗಾಗಿರುವ ರೋಗ. ಗೋಡೆಯ ಬುಡದಿಂದ ಎರಡು–ಮೂರು ಅಡಿ ಎತ್ತರದವರೆಗೆ ಒದ್ದೆಯ ಪಟ್ಟಿ, ಅದರ ಮೇಲಂಚಿನಲ್ಲಿ ಹೂವಿನಂತೆ ಅರಳಿದ ಬಿಳಿ ಉಪ್ಪು, ಉದುರುವ ಗಾರೆ, ಇವು ಅದರ ಲಕ್ಷಣಗಳು. ಹಳೆಯ ಮನೆಗಳ ಮಣ್ಣಿನ ಗೋಡೆಗಳಲ್ಲಿ ತೇವವನ್ನು ತಡೆಯುವ ಡಿ.ಪಿ.ಸಿ. ಪಟ್ಟಿ ಇರಲಿಲ್ಲ, ನಿಜ. ಆದರೆ ಸುಣ್ಣದ ಗಾರೆಯೂ ಸುಣ್ಣದ ಬಳಿತವೂ ಉಸಿರಾಡುತ್ತಿದ್ದವು. ಏರಿದ ತೇವ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಅಂತಹ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿ, ಮೇಲೆ ಆಯಿಲ್ ಪೇಂಟ್ ಬಳಿದಾಗ ಆವಿಯ ದಾರಿ ಮುಚ್ಚುತ್ತದೆ. ತೇವ ಇನ್ನೂ ಮೇಲಕ್ಕೇರಿ, ಬುಡದಲ್ಲಿ ಮೂರಡಿ ಇದ್ದ ಪಟ್ಟಿ ಅಟ್ಟದ ತೊಲೆಯತ್ತ ಸಾಗುತ್ತದೆ. ಒಳಗಿನ ಮಣ್ಣು ಮೆತ್ತಗಾಗಿ, ಹೊರಗಿನ ಸಿಮೆಂಟ್ ಹೊದಿಕೆ ಹಲಗೆಯಂತೆ ನಿಂತಿರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದವರು ಹಣ ಕೊಟ್ಟು ಮನೆಯ ಆಯುಷ್ಯ ಕಡಿಮೆ ಮಾಡಿಕೊಂಡಿದ್ದಾರೆ ಎಂದರೆ ಕಟುವಾದೀತು, ಸುಳ್ಳಾಗದು.

ಇದಕ್ಕೆ ಪರಿಹಾರ ಗೋಡೆಯ ಹೊರಗಿದೆ. ಸೂರಿನ ನೀರನ್ನು ತಗಡಿನ ಅಥವಾ ಪಿವಿಸಿ ದೋಣಿಯಲ್ಲಿ ಹಿಡಿದು ತೊಟ್ಟಿಗೋ ತೋಟಕ್ಕೋ ಒಯ್ಯುವುದು. ಗೋಡೆಯ ಸುತ್ತ ಮೂರಡಿ ಅಗಲದ ಕಲ್ಲುಹಾಸನ್ನು ಹೊರಮುಖ ಇಳಿಜಾರಿನಲ್ಲಿ ಹಾಕುವುದು. ವರ್ಷ ವರ್ಷ ರಸ್ತೆಗೆ ಮಣ್ಣು, ಕಾಂಕ್ರೀಟು ಬಿದ್ದು ಅಂಗಳಕ್ಕಿಂತ ರಸ್ತೆಯೇ ಮೇಲಾಗಿರುವ ಕಡೆ ಚರಂಡಿಯ ಮಟ್ಟವನ್ನು ಪಂಚಾಯಿತಿಯೊಡನೆ ಮಾತನಾಡಿ ಸರಿಪಡಿಸಿಕೊಳ್ಳುವುದು. ಬಚ್ಚಲಿನ ನೀರನ್ನು ಗೋಡೆಯ ಹಿಂದಿನ ಬಾಳೆಗಿಡಕ್ಕೆ ಬಿಡುವವರು ಆ ಗಿಡವನ್ನು ಹತ್ತಡಿ ಆಚೆಗೆ ಸಾಗಿಸಬೇಕು. ಹೊಯ್ಸಳರ ಶಿಲ್ಪಿಗಳು ಗುಡಿಗಳನ್ನು ಜಗತಿಯ ಮೇಲೆ ಎತ್ತಿ ನಿಲ್ಲಿಸಿದ್ದರಲ್ಲಿ ಅಂದದ ಜೊತೆಗೆ ಈ ಅನುಕೂಲವೂ ಇತ್ತು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯೊಳಗೆ ಒಂಬತ್ತನೆಯ ಶತಮಾನದ ನೊಳಂಬರ ಕಾಲದ ನಾಟ್ಯಶಿವನ ಛಾವಣಿಯನ್ನು ಇಂದಿಗೂ ತಲೆಯೆತ್ತಿ ನೋಡಬಹುದು. ಊರಿನ ಅತಿ ಹಳೆಯ ಸೂರು ಹೊಸ ಸೂರುಗಳಿಗಿಂತ ಚೆನ್ನಾಗಿ ಬಾಳಿದೆ.

ನಾಲ್ಕನೆಯದು ಗಾಳಿಯಲ್ಲಿರುವ ತೇವ. ಶೀಟಿನ ಗೋಡೌನುಗಳಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವ ಮಳೆಯಿಲ್ಲದೆಯೂ ಮೇಲಿನಿಂದ ಹನಿ ಬೀಳುತ್ತದೆ. 25 ಡಿಗ್ರಿ ಉಷ್ಣತೆಯ ಗಾಳಿ ಒಂದು ಘನ ಮೀಟರಿಗೆ ಗರಿಷ್ಠ 23 ಗ್ರಾಂ ನೀರಾವಿ ಹಿಡಿದರೆ, 15 ಡಿಗ್ರಿಯ ಗಾಳಿ ಹಿಡಿಯುವುದು 13 ಗ್ರಾಂಗಿಂತ ಕಡಿಮೆ. ಹಗಲಿನಲ್ಲಿ ಕಾಯಿಯಿಂದ ಹೊರಟ ಆವಿ ರಾತ್ರಿ ತಣ್ಣಗಾದ ತಗಡಿಗೆ ತಾಗಿ ನೀರಾಗುತ್ತದೆ, ರಾಶಿಯ ಮೇಲೇ ಬೀಳುತ್ತದೆ. ಸೂರಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ, ಕೆಳಗೆ ತಂಪುಗಾಳಿ ಬರುವ ಕಿಂಡಿ ಎರಡೂ ಇದ್ದರೆ ಮಾತ್ರ ಇದು ತಪ್ಪುತ್ತದೆ. ಹಳೆಯ ಅಟ್ಟಗಳ ಹಾಸಿಗೆ ಬಿದಿರು ಅಥವಾ ಅಡಿಕೆ ದಬ್ಬೆಯದಾಗಿದ್ದು, ನಡುವೆ ಸಂದು ಬಿಡುತ್ತಿದ್ದುದು ಗಾಳಿಗಾಗಿ. ಆ ಸಂದನ್ನು ಪ್ಲೈವುಡ್ಡಿನಿಂದ ಮುಚ್ಚಿದವರು ಕೆಳಗಿನ ಕಾಯಿ ಕೊಳೆತಾಗ ಕಾಯಿಯ ತಳಿಯನ್ನು ದೂರಬಾರದು.

ತೇವ ನೆಲದ್ದೋ ಗಾಳಿಯದೋ ಎಂಬ ಅನುಮಾನವಿದ್ದಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಒಂದು ಚದರಡಿಯ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಥವಾ ನೆಲಕ್ಕೆ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಗಾಳಿಯಿಂದ.

ಬೂಷ್ಟು: ಸರಕಿಗೂ ಶ್ವಾಸಕ್ಕೂ

ಬೂಷ್ಟಿನ ಬೀಜಕಣಗಳು ಎಲ್ಲ ಗಾಳಿಯಲ್ಲೂ ಇರುತ್ತವೆ. ಅವುಗಳನ್ನು ಇಲ್ಲವಾಗಿಸುವುದು ಸಾಧ್ಯವಿಲ್ಲ. ಅವುಗಳಿಗೆ ನೀರು ಸಿಗದಂತೆ ಮಾಡುವುದಷ್ಟೇ ಸಾಧ್ಯ. ನೆನೆದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುತೇಕ ಬೂಷ್ಟು ಹಿಡಿಯುವುದಿಲ್ಲವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ರಾತ್ರಿ ಸೋರಿದ್ದನ್ನು ಭಾನುವಾರ ನೋಡೋಣವೆಂದು ಬಿಡುವ ಮನೆಯಲ್ಲಿ ಈ ಗಡುವು ಮುಗಿದಿರುತ್ತದೆ. ತೇವದ ಮನೆಯಲ್ಲಿ ವಾಸಿಸುವವರಿಗೆ ಉಬ್ಬಸ, ಕೆಮ್ಮು ಮುಂತಾದ ಶ್ವಾಸಕೋಶದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ವರದಿಯಲ್ಲಿ ಹೇಳಿದೆ. ಅಟ್ಟದ ಕೆಳಗಿನ ಕೋಣೆಯಲ್ಲಿ ಮಲಗುವ ಮಕ್ಕಳು, ವೃದ್ಧರು ವರ್ಷವಿಡೀ ಕೆಮ್ಮುತ್ತಿದ್ದರೆ ವೈದ್ಯರಿಗೆ ತೋರಿಸುವುದರ ಜೊತೆಗೆ ಅಟ್ಟವನ್ನೂ ಹತ್ತಿ ನೋಡುವುದು ಒಳ್ಳೆಯದು.

ಕೊಬ್ಬರಿಯ ಮಟ್ಟಿಗೆ ಸುರಕ್ಷಿತ ತೇವಾಂಶ ಶೇಕಡಾ 6–7. ಅದರ ಸ್ವಲ್ಪ ಮೇಲೆ ಹಸಿರು ಬೂಷ್ಟು ಮೇಲ್ಮೈಯಲ್ಲಿ ಕಾಣಿಸುತ್ತದೆ. ತೇವ ಇನ್ನೂ ಹೆಚ್ಚಿದಾಗ ಹಳದಿ, ಕಂದು, ಕಪ್ಪು ಬೂಷ್ಟುಗಳು ಒಳಗಿಳಿದು ತಿರುಳನ್ನೇ ಕೆಡಿಸುತ್ತವೆ. ಹಳದಿ ಬಗೆಯ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುವುದರಿಂದ ಕೌಟು ಹಿಡಿದ ಕೊಬ್ಬರಿಯನ್ನು ಒರೆಸಿ, ಬಿಸಿಲಿಗೆ ಹಾಕಿ, ಒಳ್ಳೆಯದರೊಡನೆ ಬೆರೆಸುವುದು ವ್ಯಾಪಾರದ ಜಾಣ್ಮೆಯಲ್ಲ, ತಿನ್ನುವವರಿಗೆ ಮಾಡುವ ದ್ರೋಹ. ಬೆಂಬಲ ಬೆಲೆಯ ಖರೀದಿ ಕೇಂದ್ರಗಳಲ್ಲಿ ತೇವಾಂಶ, ಬೂಷ್ಟು ಹಿಡಿದ ಕೊಬ್ಬರಿಯ ಪ್ರಮಾಣ ಎರಡಕ್ಕೂ ಮಿತಿಯಿದೆ.

ತೇವದ ತೂಕ ತಮಗೆ ಲಾಭವೆಂದು ತಿಳಿಯುವವರೂ ಇದ್ದಾರೆ. ಶೇಕಡಾ 10 ತೇವಾಂಶದ ಒಂದು ಕ್ವಿಂಟಲ್ ಕೊಬ್ಬರಿಯಲ್ಲಿ ಒಣ ಭಾಗ 90 ಕಿಲೋ. ಅದು ಶೇಕಡಾ 7ಕ್ಕೆ ಇಳಿದಾಗ ತೂಕ 96.8 ಕಿಲೋ ಆಗುತ್ತದೆ. 2025ರ ಬೆಂಬಲ ಬೆಲೆ 12,100 ರೂಪಾಯಿಯ ದರದಲ್ಲಿ ಕಳೆದುಕೊಳ್ಳುವುದು ಕ್ವಿಂಟಲಿಗೆ ಸುಮಾರು 390 ರೂಪಾಯಿ. ಈ 390ನ್ನು ಉಳಿಸಲು ಹೋಗಿ ಇಡೀ ಚೀಲವನ್ನು ಎಣ್ಣೆ ಗಿರಣಿಯ ದರಕ್ಕೆ ಮಾರಬೇಕಾಗಿ ಬಂದರೆ ಆಗುವ ನಷ್ಟ ಅದರ ಹಲವು ಪಟ್ಟು.

ಚೀಲಗಳನ್ನು ಸಿಮೆಂಟ್ ನೆಲದ ಮೇಲೆ ನೇರ ಇಡದೆ ಹಲಗೆಯ ಮೇಲೆ ಇಡುವುದು, ಗೋಡೆಯಿಂದ ಒಂದೂವರೆ ಅಡಿ ದೂರ ಬಿಡುವುದು, ಒಮ್ಮೆ ನೆನೆದ ಗೋಣಿಯನ್ನು ಮತ್ತೆ ಬಳಸದಿರುವುದು ರೂಢಿಯಾಗಬೇಕು. ಗೋಡೆಯ ಬೂಷ್ಟನ್ನು ತೆಗೆಯುವಾಗ ಮೊದಲು ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಉಜ್ಜಬೇಕು. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಬ್ಲೀಚಿಂಗ್ ಪುಡಿ ಬಳಸುವವರು ಅದನ್ನು ಶೌಚಾಲಯದ ಆಸಿಡ್‌ನೊಡನೆ ಎಂದಿಗೂ ಬೆರೆಸಕೂಡದು. ಹೊರಡುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಲೆಕ್ಕಪುಸ್ತಕದಲ್ಲಿ ದುರಸ್ತಿ

ಮನೆಯ ಒಂದು ಭಾಗ ವ್ಯಾಪಾರಕ್ಕೆ ಬಳಕೆಯಾಗುತ್ತಿದ್ದರೆ ಆ ಭಾಗಕ್ಕೆ ಅನುಪಾತವಾಗಿ ದುರಸ್ತಿಯ ವೆಚ್ಚವನ್ನು ವ್ಯವಹಾರದ ಖರ್ಚೆಂದು ತೋರಿಸಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುತ್ತದೆ. 1961ರ ಕಾಯ್ದೆಯ ಬದಲಿಗೆ ರೂಪಿಸಿದ 2025ರ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬೇರೆಯಾದರೂ ತತ್ತ್ವ ಹಿಂದಿನದೇ. ಹೆಂಚು ಕೈಯಾಡಿಸುವುದು, ದೋಣಿ ಬದಲಿಸುವುದು, ಗಾರೆ ತೇಪೆ ಹಾಕುವುದು ಚಾಲ್ತಿ ದುರಸ್ತಿ; ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುವುದು ಬಂಡವಾಳ ವೆಚ್ಚ, ಅದಕ್ಕೆ ಸವಕಳಿ ಮಾತ್ರ. ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸುವವರಿಗೆ ಪ್ರತ್ಯೇಕವಾಗಿ ಈ ಖರ್ಚು ಕಳೆಯುವ ಅವಕಾಶವಿಲ್ಲ. ಗೋಡೌನನ್ನು ಬಾಡಿಗೆಗೆ ಕೊಟ್ಟವರಿಗೆ ಬಾಡಿಗೆಯ ನಿವ್ವಳ ಮೌಲ್ಯದ ಶೇಕಡಾ 30ರ ಸ್ಥಿರ ಕಡಿತ ಸಿಗುತ್ತದೆ. ಖರ್ಚು ಹೆಚ್ಚಾದರೂ ಅಷ್ಟೇ, ಏನೂ ಮಾಡದಿದ್ದರೂ ಅಷ್ಟೇ. ಮಾಲೀಕರು ಸೂರನ್ನು ಕಡೆಗಣಿಸಲು ಇದೂ ಒಂದು ಕಾರಣವಿರಬಹುದು. ಆದ್ದರಿಂದ ಬಾಡಿಗೆಗೆ ಪಡೆಯುವ ವರ್ತಕರು ಸೂರಿನ ದುರಸ್ತಿ ಯಾರದೆಂಬುದನ್ನು ಕರಾರಿನಲ್ಲೇ ಬರೆಸತಕ್ಕದ್ದು.

ಬೂಷ್ಟು ಹಿಡಿದ ದಾಸ್ತಾನನ್ನು ವರ್ಷಾಂತ್ಯದಲ್ಲಿ ಕೊಂಡ ಬೆಲೆಗೇ ತೋರಿಸುವುದು ತಪ್ಪು. ಕೊಂಡ ಬೆಲೆ, ಮಾರಿದರೆ ನಿವ್ವಳವಾಗಿ ಬರುವ ಬೆಲೆ ಇವೆರಡರಲ್ಲಿ ಕಡಿಮೆಯದನ್ನೇ ತೋರಿಸಬೇಕು. ಮತ್ತೊಬ್ಬ ನೋಂದಾಯಿತ ವರ್ತಕರಿಂದ ಜಿಎಸ್‌ಟಿ ಕೊಟ್ಟು ಕೊಂಡ ಸರಕು ಪೂರ್ತಿ ನಾಶವಾದರೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ.

ವಿಮೆಯ ವಿಷಯದಲ್ಲಿ ಆಗುವ ನಿರಾಶೆ ಇನ್ನೂ ದೊಡ್ಡದು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಮನೆಗೂ ಗೃಹೋಪಯೋಗಿ ವಸ್ತುಗಳಿಗೂ ಸಂಬಂಧಿಸಿದ್ದು. ಅಟ್ಟದ ವ್ಯಾಪಾರದ ಸರಕು ಅದರಲ್ಲಿ ಸೇರದು. ಒಂದು ಸ್ಥಳದಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಇದೆ. ಬಿರುಗಾಳಿ, ನೆರೆ, ಜಲಾವೃತ, ನೀರಿನ ಟ್ಯಾಂಕು–ಪೈಪು ಒಡೆಯುವುದು ಇವುಗಳ ವ್ಯಾಪ್ತಿಯಲ್ಲಿವೆ. ವರ್ಷಗಟ್ಟಲೆ ಒಸರಿದ ತೇವ ಮತ್ತು ಅದರಿಂದ ಹುಟ್ಟಿದ ಬೂಷ್ಟು ವ್ಯಾಪ್ತಿಯಲ್ಲಿಲ್ಲ. ಅದು ಮಾಲೀಕರ ನಿರ್ವಹಣೆಯ ಲೋಪವೆಂದೇ ಸರ್ವೇಯರ್ ಬರೆಯುತ್ತಾರೆ. ಬ್ಯಾಂಕಿನ ಸಾಲದೊಡನೆ ತೆಗೆದ ಪಾಲಿಸಿಯಲ್ಲಿ ತಿಪಟೂರಿನ ಅಂಗಡಿಯ ವಿಳಾಸ ಮಾತ್ರ ಇದ್ದು, ಸರಕು ಅರಳಗುಪ್ಪೆಯ ಮನೆಯ ಅಟ್ಟದಲ್ಲಿದ್ದರೆ ಪರಿಹಾರ ದೊರೆಯುವ ಸಂಭವ ಕಡಿಮೆ.

ಬೆಲೆಯ ಏರಿಳಿತ ತರುವ ಅಪಾಯವನ್ನು ಗಮನಿಸಿದವರು ಕೆಲವರೇ. 2023ರಲ್ಲಿ ಕೊಬ್ಬರಿ ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. 2025ರ ಮಧ್ಯದಲ್ಲಿ ಕ್ವಿಂಟಲಿಗೆ 20,000 ರೂಪಾಯಿ ದಾಟಿತು. 40 ಕ್ವಿಂಟಲಿಗೆ 10,000ದ ದರದಲ್ಲಿ ನಾಲ್ಕು ಲಕ್ಷ ರೂಪಾಯಿ ವಿಮೆ ಮಾಡಿಸಿದ ವರ್ತಕರೊಬ್ಬರು ಅದೇ ಮೊತ್ತವನ್ನು ನವೀಕರಿಸುತ್ತ ಬಂದಿದ್ದಾರೆಂದು ಭಾವಿಸಬಹುದು. 20,000ದ ದರದಲ್ಲಿ ಸರಕಿನ ನಿಜ ಮೌಲ್ಯ ಎಂಟು ಲಕ್ಷ. ಬಿರುಮಳೆಗೆ ಹತ್ತು ಕ್ವಿಂಟಲ್ ಹಾಳಾದರೆ ನಷ್ಟ ಎರಡು ಲಕ್ಷ. ಆದರೆ ಎಂಟರಲ್ಲಿ ನಾಲ್ಕು ಭಾಗಕ್ಕೆ ಮಾತ್ರ ವಿಮೆಯಿರುವುದರಿಂದ ಸರಾಸರಿ ನಿಯಮದಂತೆ ಕೈಗೆ ಬರುವುದು ಒಂದು ಲಕ್ಷ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸಲಾಗುತ್ತದೆ. ಇಲ್ಲಿನ ಕೊರತೆ ಶೇಕಡಾ 50. ದರ ಏರಿದಾಗ ವಿಮಾ ಮೊತ್ತವನ್ನು ನಡುವರ್ಷದಲ್ಲೇ ಏರಿಸಿಕೊಳ್ಳಲು ತಗಲುವ ಪ್ರೀಮಿಯಂ ಈ ಒಂದು ಲಕ್ಷದ ಎದುರು ಅತ್ಯಲ್ಪ.

ನಷ್ಟವಾದ ದಿನವೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸೋರಿದ ಸೂರು, ನೆನೆದ ಸರಕು ಎರಡರ ಫೋಟೋವನ್ನೂ ತೆಗೆದಿರಿಸಬೇಕು. ಸರ್ವೇಯರ್ ಬರುವವರೆಗೆ ಹಾಳಾದ ಕೊಬ್ಬರಿಯನ್ನು ಎಸೆಯದೆ, ಒಳ್ಳೆಯದನ್ನು ಬೇರ್ಪಡಿಸಿ ಒಣಗಿಸಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿರುವುದರಿಂದ ಆ ರಾತ್ರಿಯ ಮಳೆಯ ಅಂಕಿಯನ್ನು ಕೇಳಿ ಪಡೆದು ಅರ್ಜಿಗೆ ಲಗತ್ತಿಸಬಹುದು. ಅದರೊಡನೆ ಹಿಂದಿನ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿದ ಕೂಲಿಯ ರಸೀದಿಯೂ ಇದ್ದರೆ, ನಿರ್ವಹಣೆಯಲ್ಲಿ ಲೋಪವಿತ್ತೆಂಬ ಆಕ್ಷೇಪಕ್ಕೆ ಅದೇ ಉತ್ತರ.